ಬಟ್ಟಲಲ್ಲಿ ಕೆಂಪಾದದ್ದು

ಓಲ್ಶಾನ್ಕಾ
ಮಂಗಳವಾರ, 11 ಅಕ್ಟೋಬರ್ 1994

ಮಗಳೇ ಈವೋನಾ,

ಕಾಗದವನ್ನು ದೇವರ ಸ್ತುತಿಯಿಂದಲೇ ಶುರುಮಾಡಬೇಕು ಎಂದು ನನ್ನಮ್ಮ ನನಗೆ ಕಲಿಸಿದ್ದಳು, ನಾನು ನಿನಗೆ ಕಲಿಸಿದೆ. ಇವತ್ತು ಆ ಸಾಲು ಬರೆಯಲು ಹೋಗಿ ಎರಡು ಹಾಳೆ ಹರಿದು ಒಲೆಗೆ ಹಾಕಿದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಶುಕ್ರವಾರ ನೀನು ಇಲ್ಲಿಗೆ ಬರಬೇಡ. ಕಲಿನಾಳನ್ನಂತೂ ಕರೆದುಕೊಂಡು ಬರಲೇಬೇಡ. ಬರುವ ಸೋಮವಾರ, ಹದಿನೇಳನೇ ತಾರೀಕು, ಅವಳ ಹೃದಯದ ಆಪರೇಷನ್ನಿಗೆ ಆಸ್ಪತ್ರೆಯವರು ಕೊಟ್ಟಿರುವ ದಿನವನ್ನು ಬಿಟ್ಟುಕೊಡಬೇಡ. ಬೇಡವೆಂದು ಈಗಾಗಲೇ ಹೇಳಿಬಿಟ್ಟಿದ್ದರೆ, ಈ ಕಾಗದ ಕೈಗೆ ಸಿಕ್ಕ ತಕ್ಷಣ ಓಡಿಹೋಗಿ ಡಾಕ್ಟರ ಕಾಲು ಹಿಡಿದಾದರೂ ಮತ್ತೆ ಕೇಳಿಕೋ. ಮಿಕ್ಕಿದ್ದನ್ನು ಆಮೇಲೆ ಓದಿದರೂ ಆದೀತು.

ನಿನ್ನ ಕಾಗದ ಶನಿವಾರ ಬಂತು. ‘ದೇವರೇ ನನ್ನ ತವರೂರಿಗೆ ಇಳಿದು ಬಂದಿರುವಾಗ, ಅದೂ ನನ್ನಮ್ಮ ಕಸ ಗುಡಿಸುವ ಚರ್ಚಿಗೆ ಬಂದಿರುವಾಗ, ಆರು ವರ್ಷದ ಮಗುವಿನ ಎದೆಯನ್ನು ಸೀಳಲು ಯಾಕೆ ಕೊಡಲಿ’ ಎಂದು ಬರೆದಿದ್ದೀಯ. ದಾರೆಕ್ ಕೂಗಾಡಿದನೆಂದೂ, ಮೂರು ದಿನದಿಂದ ಅವನ ಜೊತೆ ಮಾತು ಬಿಟ್ಟಿದ್ದೀಯೆಂದೂ ಬರೆದಿದ್ದೀಯ. ನನ್ನ ಅಳಿಯನನ್ನು ನಾನು ಹೊಗಳಿದ್ದು ನಿಮ್ಮ ಮದುವೆಯ ದಿನ ಒಂದೇ ಸಲ, ಅದೂ ಅವನ ಕುಣಿತವನ್ನು. ಇದು ಎರಡನೇ ಸಲ: ದಾರೆಕ್ ಹೇಳಿದ್ದೇ ಸರಿ. ಅವನ ಮಾತು ಕೇಳು.

ಪಾದ್ರಿಮನೆಯ ಫೋನಿನಿಂದ ಎರಡು ಸಲ ನಿನ್ನ ಆಫೀಸಿಗೆ ಮಾಡಿದ್ದೆ. ನಿನ್ನ ದನಿ ಕೇಳಿದೊಡನೆ ಫೋನು ಇಟ್ಟುಬಿಟ್ಟೆ. ಯಾರೋ ಪೋಲಿಗಳು ಎಂದುಕೊಂಡಿರಬೇಕು ನೀನು. ಆ ಪೋಲಿ ನಾನೇ. ಈ ಕಾಗದವನ್ನು ಅಂಚೆಗೆ ಹಾಕದೆ ನಾಳೆ ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತೇನೆ. ನಿನ್ನ ಮನೆ ಬಾಗಿಲಿಗೇ ಮುಟ್ಟಿಸುವುದಾಗಿ ಒಪ್ಪಿದ್ದಾನೆ.

ಈಗ ಹೇಳಲೇಬೇಕಾದ್ದು. ಸೆಪ್ಟೆಂಬರ್ ನಾಲ್ಕನೇ ತಾರೀಕಿನ ಭಾನುವಾರದ ಪೂಜೆಯಲ್ಲಿ ನೀನೂ ಇದ್ದೆ. ರಜೆ ಮುಗಿದು ಮಧ್ಯಾಹ್ನದ ಬಸ್ಸಿಗೆ ಹೊರಡುವವರಿದ್ದಿರಿ. ಪರಮಪ್ರಸಾದ ಕೊಡುವಾಗ ಮುದುಕ ಗೆರ್ವಾಜಿ ನಾಲಿಗೆ ಚಾಚಿದ, ಗದ್ದ ನಡುಗಿತು, ತೆಳು ಬಿಲ್ಲೆಯಂಥ ಓಸ್ತಿ ಜಾರಿ ನೆಲಕ್ಕೆ ಬಿತ್ತು. ಫಾದರ್ ವಿಟೋಲ್ಡ್ ಬಗ್ಗಿ ಅದನ್ನೆತ್ತಿ ಮುಚ್ಚಳದ ಗಾಜಿನ ಬಟ್ಟಲಿಗೆ ಹಾಕಿದರು. ಬಿದ್ದ ಓಸ್ತಿಯನ್ನು ನಮ್ಮಲ್ಲಿ ಮತ್ತೆ ಯಾರ ಬಾಯಿಗೂ ಇಡುವುದಿಲ್ಲ, ಬಿಸಾಡುವುದಂತೂ ಕನಸಿನ ಮಾತು. ನೀರಿನಲ್ಲಿಟ್ಟು ಕರಗಲು ಬಿಡಬೇಕು, ಕರಗಿದ ನೀರನ್ನು ಒಳಕೋಣೆಯಲ್ಲಿರುವ, ಸೀದಾ ಮಣ್ಣಿಗೆ ಇಳಿಯುವ ಕಲ್ಲಿನ ಬಾನಿಗೆ ಸುರಿಯಬೇಕು. ಹತ್ತೊಂಬತ್ತು ವರ್ಷದಿಂದ ಆ ಕೆಲಸ ನನ್ನದು. ನಿನಗೆ ಗೊತ್ತಿರುವುದೇ.

ಪೂಜೆ ಮುಗಿದ ಮೇಲೆ ನೀರು ಹಾಕಿ ಕಬ್ಬಿಣದ ಪೆಟ್ಟಿಗೆಯಲ್ಲಿಡು ಎಂದು ಫಾದರ್ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಹೋದರು. ನೀರೇನೋ ಹಾಕಿದೆ. ಎತ್ತುವಾಗ ಕೈ ಜಾರಿತು. ನೀರೂ ಓಸ್ತಿಯೂ ಒಟ್ಟಿಗೆ ಬಾನಿಯ ಬಾಯಿಗೆ ಹೋದವು. ಕೊನೆಗೆ ಹೋಗಬೇಕಾದ ಜಾಗವೂ ಅದೇ, ಆದರೆ ಕರಗದೆ ಇಡಿಯಾಗಿ ಹೋಯಿತು. ಹಿಂದಿನ ವಾರವಷ್ಟೇ ದ್ರಾಕ್ಷಾರಸದ ಗಾಜಿನ ಕುಡಿಕೆ ಒಡೆದು, ವಯಸ್ಸಾಯಿತು, ಚಿಕ್ಕವರು ಯಾರನ್ನಾದರೂ ನೋಡಬೇಕು ಎಂದು ಫಾದರ್ ಬಾಯಲ್ಲಿ ಅನ್ನಿಸಿಕೊಂಡಿದ್ದೆ. ಮತ್ತೆ ಅನ್ನಿಸಿಕೊಳ್ಳುವ ಧೈರ್ಯವಾಗಲಿಲ್ಲ. ಕನ್ಯಾಮಠದ ಸಿಸ್ಟರುಗಳು ಮಾಡಿ ಕಳಿಸುವ ಹೊಸ ಓಸ್ತಿಗಳ ಡಬ್ಬಿ ಪಕ್ಕದಲ್ಲೇ ಇತ್ತು. ಒಂದನ್ನು ತೆಗೆದು ಬಟ್ಟಲಿಗೆ ಹಾಕಿ, ನೀರು ತುಂಬಿ, ಬೀಗ ಹಾಕಿದೆ.

ಡಬ್ಬಿಯಲ್ಲಿರುವುದು ಬರೀ ಹಿಟ್ಟು, ಈವೋನಾ. ಫಾದರ್ ಅದನ್ನು ಪೀಠದ ಮೇಲಿಟ್ಟು ಯೇಸುವಿನ ಮಾತು ಹೇಳುವ ತನಕ ಅದು ದೇವರಲ್ಲ. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಊಟಕ್ಕೆ ಮೊದಲು ನಾವೆಲ್ಲ ಮುರಿದು ಹಂಚಿಕೊಳ್ಳುವ ಬಿಲ್ಲೆಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ನಿನ್ನಪ್ಪ ಅದರ ಚೂರನ್ನು ಹಸುವಿಗೂ ತಿನ್ನಿಸುತ್ತಿದ್ದರಲ್ಲ, ಅಂಥದ್ದು. ನಾಲ್ಕು ದಿನದಲ್ಲಿ ಕರಗಿಹೋಗುತ್ತದೆ, ಬಾನಿಗೆ ಸುರಿದರೆ ಮುಗಿಯಿತು ಎಂದುಕೊಂಡೆ.

ಅದು ಕರಗಲಿಲ್ಲ. ಹದಿನಾಲ್ಕನೇ ತಾರೀಕು, ಶಿಲುಬೆಯ ಹಬ್ಬದ ಬೆಳಗ್ಗೆ, ಫಾದರ್ ಪೆಟ್ಟಿಗೆ ತೆರೆದು ನನ್ನನ್ನು ಕೂಗಿದರು. ಬಟ್ಟಲಿನ ನೀರು ತಿಳಿಯಾಗಿತ್ತು. ಬಿಲ್ಲೆ ಇಡಿಯಾಗಿತ್ತು. ನಡುವೆ ಹೆಬ್ಬೆರಳಗಲ ಕೆಂಪು, ಅಂಚಿನ ಕಡೆ ಕಪ್ಪಿಗೆ ತಿರುಗಿತ್ತು. ಆಗಲೇ ಹೇಳಬೇಕಿತ್ತು. ‘ಫಾದರ್, ಅದು ಡಬ್ಬಿಯದು’ ಎಂದರೆ ಸಾಕಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವರು ಕಲ್ಲುನೆಲದ ಮೇಲೆ ದಡಕ್ಕನೆ ಮಂಡಿಯೂರಿದರು. ಹೆತ್ತ ತಾಯಿಯನ್ನು ಮಣ್ಣು ಮಾಡುವಾಗಲೂ ಕಣ್ಣು ಒದ್ದೆ ಮಾಡಿಕೊಳ್ಳದ ಮನುಷ್ಯ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

“ಗೆನೊವೇಫಾ ಅಮ್ಮ, ಹನ್ನೊಂದು ವರ್ಷದಿಂದ ನಂಬಿಕೆ ಇಲ್ದೆ ಪೂಜೆ ಮಾಡ್ತಿದೀನಿ. ಬರೀ ಬಾಯಲ್ಲಿ. ಯಾರಿಗೂ ಹೇಳಿಲ್ಲ. ನನಗೋಸ್ಕರ ಬಂದಿದಾನೆ ನೋಡಿ.”

ನೀನೇ ಹೇಳು, ಆ ಮಾತಿನ ಮೇಲೆ ನಾನು ಏನು ಹೇಳಲಿ? ನೀರಿನಲ್ಲಿ ಮುಳುಗುತ್ತಿದ್ದವನ ಕೈಗೆ ಹಗ್ಗ ಸಿಕ್ಕಿದೆ, ಅದು ಕೊಳೆತ ಹಗ್ಗ ಎಂದು ದಡದ ಮೇಲೆ ನಿಂತು ಕೂಗಲೇ? ನಾನೂ ಪಕ್ಕದಲ್ಲಿ ಮಂಡಿಯೂರಿದೆ. ಆವತ್ತು ಊರಿದ ಮಂಡಿ, ಇನ್ನೂ ಎದ್ದಿಲ್ಲ ಎಂದೇ ಅನ್ನಿಸುತ್ತದೆ.

ಅದೇನು, ಯಾಕೆ ಕೆಂಪಾಯಿತು ಎಂದು ನನ್ನನ್ನು ಕೇಳಬೇಡ. ಬೂಷ್ಟು ಎಂದು ಹಗಲೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಅರವತ್ತೆಂಟು ವರ್ಷದ ಬಾಳಿನಲ್ಲಿ ರೊಟ್ಟಿಯ ಮೇಲೆ, ಸೌತೆಕಾಯಿ ಉಪ್ಪಿಗೆ ಹಾಕಿದ ಜಾಡಿಯಲ್ಲಿ, ಹುಳಿಹಿಟ್ಟಿನಲ್ಲಿ ಎಷ್ಟು ಬೂಷ್ಟು ತೆಗೆದಿದ್ದೇನೆ. ಹಸಿರು ನೋಡಿದ್ದೇನೆ, ಬಿಳಿ ನೋಡಿದ್ದೇನೆ, ಈ ಕೆಂಪು ನೋಡಿಲ್ಲ. ಬೂಷ್ಟಲ್ಲದಿದ್ದರೆ ದೇವರದೇ ಕೆಲಸ ಇರಬೇಕು. ದೇವರದಾದರೆ, ಹಿಟ್ಟಿನ ಬಿಲ್ಲೆಗೆ ಯಾಕೆ ರಕ್ತ ಬರಿಸಿದ? ನಾನು ಮಾಡಿದ್ದನ್ನು ನೋಡಿದ್ದೇನೆ ಎಂದು ನನಗೆ ತಿಳಿಸಲಿಕ್ಕೇ? ಅಥವಾ ದೇವರೂ ಅಲ್ಲ, ಬೇರೆ ಯಾರದೋ ಕೆಲಸವೇ? ಆ ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಪ್ರತಿದಿನ ಅದನ್ನು ತಿರುಗಿಸುವಾಗ, ಇವತ್ತು ಕೆಂಪು ಇನ್ನಷ್ಟು ಹರಡಿರುತ್ತದೆಯೇನೋ ಎಂದು ಮೊದಲು ಕಣ್ಣು ಮುಚ್ಚಿಕೊಳ್ಳುತ್ತೇನೆ.

ಮೊದಲ ವಾರ ಹೆಮ್ಮೆಯೂ ಆಯಿತು, ಮುಚ್ಚಿಡುವುದೇಕೆ. ಎಲ್ಲಿಂದೆಲ್ಲಿಂದಲೋ ಬಸ್ಸುಗಳು ಬಂದವು. ಬಟ್ಟಲು ಹೊತ್ತ ಕೈ ಇದೇ ಎಂದು ಗುರುತು ಪರಿಚಯವಿಲ್ಲದ ಹೆಂಗಸರು ನನ್ನ ಕೈಗೆ ಮುತ್ತಿಟ್ಟರು. ಪಕ್ಕದ ಮನೆಯ ಲೊಂಗಿನಾ ಮಾತ್ರ ಎಂದಿನಂತೆ ಬೇಲಿಯ ಮೇಲಿಂದಲೇ, “ಏನೇ ಗೆನ್ಯಾ, ನಿನ್ನ ಕೈಲಿ ರಕ್ತ ಸುರಿಸಿದ ದೇವರು ನನ್ನ ಮಂಡಿನೋವನ್ನ ಒಂಚೂರು ನೋಡಬಾರದಾ? ಒಂದ್ ಮಾತು ಹೇಳೇ, ನಿನ್ನ ಮಾತು ಕೇಳ್ತಾನೆ” ಎಂದು ಕೆಣಕಿದಳು. ನಾನು ನಕ್ಕೆ. ಮರುದಿನ ನೋಡಿದರೆ ಅವಳೂ ಕೋಲೂರಿಕೊಂಡು ಸಾಲಿನಲ್ಲಿ ನಿಂತಿದ್ದಳು. ಕೆಣಕುವವಳು ನಿಜವಾಗಿ ನಂಬಿಬಿಟ್ಟಾಗ ನನಗೆ ಮೊದಲ ಸಲ ಭಯವಾಯಿತು. ಇವರೆಲ್ಲ ಮಂಡಿಯೂರುತ್ತಿರುವುದು ಹಿಟ್ಟಿನ ಮುಂದೆ. ದೇವರಲ್ಲದ್ದನ್ನು ದೇವರೆಂದು ಪೂಜಿಸುವ ಪಾಪ ಇವರ ತಲೆಗೆ ಬರುವುದಿಲ್ಲ, ಇವರಿಗೆ ಗೊತ್ತಿಲ್ಲ. ಅಷ್ಟೂ ಜನರದ್ದು ಒಬ್ಬಳ ತಲೆಗೆ ಬರುತ್ತದೆ.

ಆಮೇಲೆ ಗೆರ್ವಾಜಿ. ತನ್ನ ಬಾಯಿಂದ ಜಾರಿದ್ದೇ ರಕ್ತವಾಯಿತು ಎಂದು ಮುದುಕ ಹೊಸ ಮದುಮಗನ ಹಾಗೆ ಎದೆಯುಬ್ಬಿಸಿ ಓಡಾಡುತ್ತಿದ್ದ. ರಕ್ತದೊತ್ತಡದ ಮಾತ್ರೆಗಳನ್ನು ಕೋಳಿಗೂಡಿನ ಹಿಂದೆ ಚೆಲ್ಲಿದನಂತೆ. ಬೇಡ, ಮಾತ್ರೆ ತಗೋ ಎಂದು ನಾನು ಬುದ್ಧಿ ಹೇಳಿದರೆ, “ಸುಮ್ನೆ ಜಾರಿದ್ದಲ್ಲ ಗೆನ್ಯಾ ಅದು. ಮಾತ್ರೆ ಸಾಕು, ಇನ್ಮೇಲೆ ನಾನಿದೀನಿ ಅಂತ ಹೇಳೋಕೆ ಜಾರಿದ್ದು” ಎಂದ. ಹೋದ ಗುರುವಾರ ಬಾವಿಕಟ್ಟೆಯ ಹತ್ತಿರ ಬಿದ್ದ. ಈಗ ಬಲಗೈ ಬಲಗಾಲಿಗೆ ಸ್ವಾಧೀನವಿಲ್ಲ, ಮಾತೂ ಇಲ್ಲ. ನಿನ್ನೆ ಬೀಟ್ರೂಟ್ ಸಾರು ತೆಗೆದುಕೊಂಡು ಹೋಗಿದ್ದೆ. ಚಮಚದಲ್ಲಿ ಕುಡಿಸುವಾಗ ಅರ್ಧ ಗದ್ದದ ಮೇಲೇ ಇಳಿಯಿತು. ನನ್ನನ್ನು ನೋಡಿ ಅವನ ಒಂದು ಕಣ್ಣು ನಗುತ್ತದೆ. ಅವನಿನ್ನೂ ನಂಬಿಕೊಂಡೇ ಮಲಗಿದ್ದಾನೆ.

ಅವನು ಬಿದ್ದ ಎರಡನೇ ದಿನಕ್ಕೆ ನಿನ್ನ ಕಾಗದ ಬಂತು. ಕಲಿನಾಳ ಹೆಸರು, ಆಪರೇಷನ್ ಬೇಡ ಎಂಬ ಮಾತು, ಒಂದೇ ಸಾಲಿನಲ್ಲಿ.

ಫಾದರಿಗೆ ಹೇಳಬಾರದಿತ್ತೇ ಎನ್ನುತ್ತೀಯ. ಹೇಳಿದೆ. ಇಲ್ಲೇ ನಾನು ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದ್ದು. ಅಕ್ಟೋಬರ್ ಒಂದನೇ ತಾರೀಕು, ತಿಂಗಳ ಮೊದಲ ಶನಿವಾರ, ಪಾಪನಿವೇದನೆಯ ಸಾಲಿನಲ್ಲಿ ನಿಂತು, ಜಾಲರಿಗೆ ಬಾಯಿಟ್ಟು ಹೇಳಿದೆ. ಬಟ್ಟಲಲ್ಲಿರುವುದು ಪೀಠದಿಂದ ಬಂದದ್ದಲ್ಲ ಫಾದರ್, ಡಬ್ಬಿಯದು, ನಾನೇ ಇಟ್ಟದ್ದು ಎಂದೆ. ಹೇಳಿ ಮುಗಿಸಿದಾಗ ಬುಟ್ಟಿ ಇಳಿಸಿದಷ್ಟು ಹಗುರವಾಯಿತು. ಇನ್ನು ಅವರುಂಟು, ಬಿಷಪರುಂಟು ಎಂದುಕೊಂಡೆ. ಆ ಕಡೆ ಫಾದರ್ ಜಾಲರಿಗೆ ಹಣೆ ಒತ್ತಿದರು. ಆಮೇಲೆ ಅವರು, “ಇದನ್ನ ಇಲ್ಲಿ ಯಾಕಮ್ಮ ಹೇಳಿದ್ರಿ? ಹೊರಗೆ ಅಂಗಳದಲ್ಲಿ ನಿಲ್ಲಿಸಿ ಹೇಳಬಾರದಾಗಿತ್ತಾ? ಇಲ್ಲಿ ಹೇಳಿದ್ದು ನನ್ನ ಬಾಯಿಗೆ ಬೀಗ” ಎಂದರು.

ಆಗ ಹೊಳೆಯಿತು ನನಗೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಜೀವ ಹೋದರೂ ಹೊರಗೆ ಆಡುವಂತಿಲ್ಲ. ಆಡುವುದಿರಲಿ, ತಿಳಿದವನ ಹಾಗೆ ನಡೆದುಕೊಳ್ಳುವಂತೆಯೂ ಇಲ್ಲ. ಬಟ್ಟಲನ್ನು ಎತ್ತಿಡಿಸುವಂತಿಲ್ಲ, ಜನರನ್ನು ತಡೆಯುವಂತಿಲ್ಲ, ಬಿಷಪರಿಗೆ ಒಂದು ಸಾಲು ಬರೆಯುವಂತಿಲ್ಲ. ಚಿಕ್ಕಂದಿನಿಂದ ಬಲ್ಲ ವಿಷಯ, ಹೆದರಿದವಳ ತಲೆಗೆ ಹೊಳೆಯಲಿಲ್ಲ. ನನ್ನ ಹೊರೆ ಇಳಿಸಲು ಹೋಗಿ ಅವರನ್ನು ಕಟ್ಟಿಹಾಕಿದೆ. ಹೊರಗೆ ಬಂದು ನಾನೇ ಎಲ್ಲರೆದುರು ಹೇಳಬೇಕು, ಅದೇ ಪ್ರಾಯಶ್ಚಿತ್ತ ಎಂದು ಬೇಡಿಕೊಂಡರು. ಆಗಲಿ ಎಂದೆ. ಹತ್ತು ದಿನವಾಯಿತು.

ಮರುದಿನ ಭಾನುವಾರ ಬಟ್ಟಲನ್ನು ಮೆರವಣಿಗೆಯಲ್ಲಿ ತಂದರು. ಪೀಠದ ಮುಂದೆ ಫಾದರ್ ಮಂಡಿಯೂರಬೇಕಿತ್ತು. ಅರೆಗಳಿಗೆ ನಿಂತು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಮಂಡಿಯೂರಿದರು. ಬೇರೆ ದಾರಿ ನಾನೆಲ್ಲಿ ಬಿಟ್ಟಿದ್ದೆ? ಈಗ ಅಂಗಳದಲ್ಲಿ ಎದುರಾದರೆ ಚಳಿ ಜಾಸ್ತಿಯಾಯಿತು, ಆಲೂಗಡ್ಡೆ ಕಿತ್ತಿರಾ ಎಂದು ಕೇಳುತ್ತಾರೆ. ಊಟ ಮಾಡುತ್ತಿಲ್ಲ ಎಂದು ಅಡುಗೆಯವಳು ಹೇಳಿದಳು. ಹನ್ನೊಂದು ವರ್ಷದ ಮೇಲೆ ಸಿಕ್ಕ ನಂಬಿಕೆ ಹದಿನೇಳು ದಿನ ಇತ್ತು.

ಗುರುವಾರ ಬಿಷಪರು ಕಳಿಸುವ ಮೂವರು ಪಾದ್ರಿಗಳು, ಒಬ್ಬ ಡಾಕ್ಟರು ಬರುತ್ತಾರೆ. ಬಿಲ್ಲೆಯಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಒಯ್ಯುತ್ತಾರಂತೆ. ಅದಕ್ಕೆ ಮೊದಲು ನನ್ನ ಕೈಯನ್ನು ಸುವಾರ್ತೆಯ ಪುಸ್ತಕದ ಮೇಲಿರಿಸಿ, ಆ ಭಾನುವಾರ ಬಟ್ಟಲಲ್ಲಿಟ್ಟದ್ದು ಬಿದ್ದ ಓಸ್ತಿಯೇ ಎಂದು ಕೇಳುತ್ತಾರೆ. ಅಲ್ಲ ಎನ್ನಬೇಕೆಂದಿದ್ದೇನೆ. ಆಮೇಲೆ ಬೀಗದ ಕೈ ಕಿತ್ತುಕೊಳ್ಳುತ್ತಾರೆ, ಊರು ನನ್ನ ಮುಖಕ್ಕೆ ಉಗಿಯುತ್ತದೆ, ಅದೆಲ್ಲ ಆಗಲಿ. ಆದರೆ ನನಗೆ ನನ್ನ ಮೇಲೆ ಭರವಸೆಯಿಲ್ಲ, ಮಗಳೇ. ಎರಡು ಸಲ ಬಾಯಿ ತೆರೆದು ಮುಚ್ಚಿದವಳು ಮೂರನೇ ಸಲವೂ ಮುಚ್ಚಿಯಾಳು. ಗುರುವಾರ ನಾನು ಏನೇ ಹೇಳಲಿ, ಪತ್ರಿಕೆಯಲ್ಲಿ ಏನೇ ಬರಲಿ, ನಿನಗೆ ಮಾತ್ರ ನಿಜ ಗೊತ್ತಿರಬೇಕು. ಸುಳ್ಳು ಹೇಳಿದೆನೆಂದು ತಿಳಿದರೆ ಈ ಕಾಗದವನ್ನು ಬಿಷಪರಿಗೆ ಕಳಿಸಿಬಿಡು. ಅಮ್ಮನ ಮಾನ ಹೋಗುತ್ತದೆ ಎಂದು ನೋಡಬೇಡ.

ನನಗೂ ಆ ಆಪರೇಷನ್ ಎಂದರೆ ಭಯ. ಅಷ್ಟು ಪುಟ್ಟ ಎದೆ. ಓಡಿ ಬಂದು ನನ್ನ ಮಡಿಲಲ್ಲಿ ಮುಖವಿಟ್ಟರೆ ಉಸಿರಿನ ಸದ್ದು ಪಕ್ಕದ ಕೋಣೆಗೆ ಕೇಳಿಸುತ್ತಿತ್ತು. ಅವಳಿಗೆ ಏನಾದರೂ ಆದರೆ ನಾನು ಬದುಕುವುದಿಲ್ಲ, ನೀನೂ ಬದುಕುವುದಿಲ್ಲ, ಗೊತ್ತು. ಆದರೆ ನೂರು ಮಕ್ಕಳಲ್ಲಿ ತೊಂಬತ್ತು ಮಕ್ಕಳು ನಡೆದುಕೊಂಡು ಮನೆಗೆ ಹೋಗುತ್ತಾರೆ ಎಂದು ಡಾಕ್ಟರು ಹೇಳಿದ್ದನ್ನು ನೀನೇ ಬರೆದಿದ್ದೆ. ಇಲ್ಲಿರುವ ಬಟ್ಟಲು ಯಾರನ್ನೂ ಎಲ್ಲಿಗೂ ನಡೆಸಿಲ್ಲ. ನಡೆಯುತ್ತಿದ್ದ ಗೆರ್ವಾಜಿಯನ್ನು ಮಲಗಿಸಿದೆ.

ಮೊದಲು ದಾರೆಕ್ ಜೊತೆ ಮಾತಾಡು. ಮಗುವಿಗೆ ನನ್ನ ಮುತ್ತು. ನನ್ನನ್ನು ಕ್ಷಮಿಸುವುದಾದರೆ ಆಪರೇಷನ್ ಮುಗಿದ ಮೇಲೆ ಕ್ಷಮಿಸು, ಈಗ ಅದಕ್ಕೆ ಪುರುಸೊತ್ತಿಲ್ಲ.

ನಿನ್ನ ಹೆತ್ತ, ಹೆದರಿದ ತಾಯಿ,
ಗೆನೊವೇಫಾ

ತಾ.ಕ.: ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ, ಮತ್ತೆ ಹರಿದು ತೆಗೆದೆ. ಬಟ್ಟಲು ನನ್ನ ಕೈಯಿಂದ ಜಾರಲಿಲ್ಲ. ಪಾಪನಿವೇದನೆಯಲ್ಲೂ ಇದನ್ನು ನುಂಗಿಕೊಂಡೆ, ಆದ್ದರಿಂದ ಅಲ್ಲಿ ಸಿಕ್ಕ ಕ್ಷಮೆಯೂ ಕ್ಷಮೆಯಲ್ಲ. ಆ ಭಾನುವಾರ ನೀರು ಹಾಕುವ ಮೊದಲೇ ಬಿದ್ದ ಓಸ್ತಿಯನ್ನು ಕದ್ದೆ. ಮೇಣದ ಕಾಗದದಲ್ಲಿ ಸುತ್ತಿ ಮನೆಗೆ ತಂದು, ನೀನು ಪೆಟ್ಟಿಗೆ ಕಟ್ಟುತ್ತಿದ್ದಾಗ, ಮಾತೆ ಮರಿಯಳ ಕಂದುಬಟ್ಟೆಯ ಚೌಕದ ಎರಡು ಪದರದ ನಡುವೆ ಇಟ್ಟು ಹೊಲಿದೆ. ಬಸ್ಸು ಹತ್ತುವಾಗ ಕಲಿನಾಳ ಕೊರಳಿಗೆ ಹಾಕಿ, ಸ್ನಾನಕ್ಕಲ್ಲದೆ ತೆಗೆಯಬೇಡ ಎಂದೆನಲ್ಲ, ಅದು. ನೀನು ಹುಡುಕಿಕೊಂಡು ಬರುತ್ತಿರುವವನು ಮೂವತ್ತೇಳು ದಿನದಿಂದ ಅವಳ ಎದೆಯ ಮೇಲೇ ಇದ್ದಾನೆ. ಆ ಮೂವತ್ತೇಳು ದಿನದಲ್ಲಿ ಎರಡು ಸಲ ಮೆಟ್ಟಿಲ ಮೇಲೆ ಅವಳ ತುಟಿ ನೀಲಿಯಾಯಿತು ಎಂದು ನೀನೇ ಬರೆದಿದ್ದೀಯ. ಸೋಮವಾರ ಒಳಗೆ ಕರೆದೊಯ್ಯುವಾಗ ಅದನ್ನು ತೆಗೆಯಲು ಹೇಳುತ್ತಾರೆ. ನರ್ಸಿನ ಜೊತೆ ಜಗಳವಾಡಬೇಡ. ನೀನೇ ಬಿಚ್ಚಿ ಇಟ್ಟುಕೊಂಡು, ಮಗುವನ್ನು ಕಳಿಸಿಕೊಡು.